ಕೊಂಡಿಬಾಗದ ಮುದ್ರೆ

ಕನ್ನಡಕವನ್ನು ಹಣೆಯ ಮೇಲಕ್ಕೇರಿಸಿ, ಬಲಗಣ್ಣಿಗೆ ಪುಟ್ಟ ಭೂತಗನ್ನಡಿ ಹಿಡಿದುಕೊಂಡು ಆಕೆ ಮೂರನೆಯ ಫ್ರೇಮಿನ ಮುಂದೆ ನಿಂತು ಕಾಲು ಗಂಟೆಯಾಗಿತ್ತು. ಉಳಿದವರೆಲ್ಲ ಎರಡು ನಿಮಿಷ ನೋಡಿ ಮುಂದೆ ಹೋಗಿದ್ದರು. ತನ್ನ ಸಂಗ್ರಹವನ್ನು ಯಾರಾದರೂ ಇಷ್ಟು ಹೊತ್ತು ನೋಡಿಯಾರು ಎಂದು ಗುರುಪ್ರಸಾದ ಕನಸಿನಲ್ಲೂ ಎಣಿಸಿರಲಿಲ್ಲ.

ಅದು ಕರಾವಳಿ ಅಂಚೆಚೀಟಿ ಸಂಗ್ರಾಹಕರ ಸಂಘದ ವಾರ್ಷಿಕ ಸಮ್ಮಿಲನ. ಕಾರವಾರದ ಮದುವೆ ಸಭಾಂಗಣವೊಂದರಲ್ಲಿ ಎರಡು ದಿನದ ಕಾರ್ಯಕ್ರಮ. ಶನಿವಾರ ಸದಸ್ಯರಿಗೆ ಮತ್ತು ತೀರ್ಪುಗಾರರಿಗೆ, ಭಾನುವಾರ ಊರವರಿಗೆಲ್ಲ. ಕದ್ರಾ ವಿದ್ಯುತ್ ಕೇಂದ್ರದಲ್ಲಿ ಶಿಫ್ಟ್ ಕೆಲಸ ಮಾಡುವ ಗುರುಪ್ರಸಾದನಿಗೆ ಮೂವತ್ತಾರು ವರ್ಷ. ಹದಿನೈದು ವರ್ಷಗಳಿಂದ ಕೂಡಿಟ್ಟದ್ದನ್ನು ಅವನು ಮೊದಲ ಬಾರಿ ಗಾಜಿನ ಹಿಂದೆ ಜೋಡಿಸಿದ್ದ. ‘ಮುಚ್ಚಿದ ಅಂಚೆ ಕಚೇರಿಗಳು’ ಎಂದು ಅದರ ಹೆಸರು. ಅಣೆಕಟ್ಟಿನ ನೀರಿನಡಿ ಹೋದ ಊರು, ನೌಕಾನೆಲೆಗಾಗಿ ಖಾಲಿಯಾದ ಊರು, ಜನ ತಾವಾಗಿಯೇ ಬಿಟ್ಟುಹೋದ ಊರು, ಇಂಥ ಊರುಗಳ ಮುದ್ರೆ ಬಿದ್ದ ಎಪ್ಪತ್ತು ಲಕೋಟೆಗಳು ಅಲ್ಲಿದ್ದವು.

ಅವನು ಗಂಟಲು ಸರಿಮಾಡಿಕೊಂಡು ಹತ್ತಿರ ಹೋದ. ಆಕೆ ತಿರುಗಲಿಲ್ಲ. ಹೊಸಬರಿರಬೇಕು, ಪಾಪ, ತಿಳಿಯುತ್ತಿಲ್ಲ ಎಂದುಕೊಂಡು ವಿವರಿಸತೊಡಗಿದ. ಅಂಚೆಚೀಟಿಯ ಮೇಲೆ ಹೊಡೆಯುವ ಕಪ್ಪು ವೃತ್ತಕ್ಕೆ ಮುದ್ರೆ ಎನ್ನುತ್ತಾರೆ, ಅದರಲ್ಲಿ ಊರಿನ ಹೆಸರೂ ತಾರೀಕೂ ಇರುತ್ತವೆ, ಅಂಚೆಚೀಟಿಗಿಂತ ಮುದ್ರೆಯನ್ನೇ ಸಂಗ್ರಹಿಸುವವರೂ ಇದ್ದಾರೆ ಎಂದೆಲ್ಲ ಹೇಳಿದ.

ಆಕೆ ಈಗ ತಿರುಗಿದಳು. ತೆಳ್ಳನೆಯ ಮುಖ, ನಸುಗಪ್ಪು ಬಣ್ಣ, ಕಣ್ಣಿನ ಸುತ್ತ ಭೂತಗನ್ನಡಿ ಒತ್ತಿ ಉಳಿದ ಗುಂಡನೆಯ ಗುರುತು. ತುಟಿಯ ಒಂದು ಅಂಚು ಮಾತ್ರ ನಗುತ್ತಿತ್ತು. ಮಧ್ಯೆ ಒಂದೆರಡು ಸಲ “ಹೌದಾ” ಎಂದಳು. ಅವನು ಇನ್ನಷ್ಟು ಹುರುಪಿನಿಂದ ಹತ್ತು ನಿಮಿಷ ಮಾತಾಡಿದ.

ಅಷ್ಟರಲ್ಲಿ ಸಂಘದ ಅಧ್ಯಕ್ಷರಾದ ಗಜಾನನ ಹೆಗಡೆಯವರು ಬಂದು, “ಓ, ದೀಪಾಲಿ ಮೇಡಂ ಪರಿಚಯ ಆಯ್ತಾ ಗುರುಪ್ರಸಾದ? ನಮ್ಮ ತೀರ್ಪುಗಾರರು. ಮುದ್ರೆ ವಿಷಯದಲ್ಲಿ ಈ ಜಿಲ್ಲೆಲಿ ಇವರಷ್ಟು ತಿಳಿದವರು ಇಲ್ಲ” ಎಂದರು.

ಗುರುಪ್ರಸಾದನ ಕಿವಿ ಬಿಸಿಯಾಯಿತು. “ಮೊದ್ಲೇ ಹೇಳೂದಲ್ವಾ” ಎಂದ, ಆಕೆಯ ಮುಖ ನೋಡಲಾಗದೆ.

“ಚೆಂದ ಹೇಳ್ತಾ ಇದ್ರಿ. ನಿಲ್ಸೂಕೆ ಮನಸ್ಸು ಬರ್ಲಿಲ್ಲ” ಎಂದಳು ದೀಪಾಲಿ.

ಅಂಕೋಲೆಯ ಒಂದು ಖಾಸಗಿ ರಕ್ತಪರೀಕ್ಷೆ ಲ್ಯಾಬಿನಲ್ಲಿ ಅವಳು ಟೆಕ್ನೀಶಿಯನ್. ಮನೆ ಕಾರವಾರ ಪಟ್ಟಣದ ಕೋಡಿಬಾಗ ಬಡಾವಣೆಯಲ್ಲಿ. ದಿನವಿಡೀ ಸೂಕ್ಷ್ಮದರ್ಶಕದಲ್ಲಿ ಕಣ್ಣಿಡುವವಳಿಗೆ ಸಂಜೆಯ ಹವ್ಯಾಸವೂ ಕಣ್ಣಿನದೇ. ಅಧ್ಯಕ್ಷರು ಅತ್ತ ಹೋದ ಮೇಲೆ ಅವಳ ತುಟಿಯಂಚಿನ ನಗು ನಿಧಾನಕ್ಕೆ ಅಳಿಯಿತು.

“ಇದನ್ನ ಯಾವಾಗಾದ್ರೂ ಲೆನ್ಸ್ ಹಿಡಿದು ನೋಡಿದ್ರಾ?” ಎಂದು ಅವಳು ಫ್ರೇಮಿನ ನಟ್ಟನಡುವಿನ ಲಕೋಟೆಯನ್ನು ತೋರಿಸಿದಳು.

ಅದು ಅವನ ಸಂಗ್ರಹದ ಮೊದಲನೆಯ ಲಕೋಟೆ. ಅರ್ಗಾದ ಆಚೆ, ಈಗ ನೌಕಾನೆಲೆಯ ಗೋಡೆಯೊಳಗಿರುವ ಕೊಂಡಿಬಾಗ ಎಂಬ ಪುಟ್ಟ ಹಳ್ಳಿಯ ಅಂಚೆ ಕಚೇರಿ ಮುಚ್ಚಿದ ದಿನ, ೧೯೯೩ರ ಮಾರ್ಚ್ ಮೂವತ್ತೊಂದರಂದು, ಹೊಡೆದ ಮುದ್ರೆ. ಗುರುಪ್ರಸಾದ ಹುಟ್ಟಿದ್ದು ಆ ಹಳ್ಳಿಯಲ್ಲಿ. ಊರು ಬಿಟ್ಟಾಗ ಅವನಿಗೆ ಐದು ವರ್ಷ. ಆ ಲಕೋಟೆಯನ್ನು ಟ್ರಂಕಿನಲ್ಲಿ ಸೀರೆಗಳ ಮಧ್ಯೆ ಇಟ್ಟುಕೊಂಡು ಬಂದೆನೆಂದು ತಾಯಿ ನಾಗಿ ಹೇಳಿದ್ದಳು. ನಾಲ್ಕು ವರ್ಷದ ಹಿಂದೆ ಅವಳು ತೀರಿಕೊಂಡ ಮೇಲೆ ಅದು ಇವನ ಬಳಿಯೇ ಉಳಿದಿತ್ತು.

“ಅದನ್ನ ಎಂತಕ್ಕೆ ನೋಡೂದು? ಅದು ನಮ್ಮ ಅವ್ವಿದು” ಎಂದ.

ದೀಪಾಲಿ ಭೂತಗನ್ನಡಿಯನ್ನು ಅವನ ಕೈಗೆ ಕೊಟ್ಟು, ಅಂಚೆಚೀಟಿಯ ಬಲ ಮೂಲೆಯಲ್ಲಿ ಕಪ್ಪು ಶಾಯಿಯ ಕೆಳಗೆ ನೋಡಲು ಹೇಳಿದಳು.

ಅವನು ನೋಡಿದ. ಶಾಯಿಯಡಿ, ಸಾಸಿವೆಗಿಂತ ಚಿಕ್ಕ ಅಂಕಿಗಳಲ್ಲಿ, ಅಂಚೆಚೀಟಿ ಅಚ್ಚಾದ ವರ್ಷವಿತ್ತು. ೧೯೯೭. ಮುದ್ರೆಯ ತಾರೀಕಿಗಿಂತ ನಾಲ್ಕು ವರ್ಷ ಈಚಿನದು. ಹುಟ್ಟದೇ ಇದ್ದ ಅಂಚೆಚೀಟಿಯ ಮೇಲೆ ಮುದ್ರೆ ಬೀಳುವುದು ಸಾಧ್ಯವಿರಲಿಲ್ಲ. ಉಳಿದ ಅರವತ್ತೊಂಬತ್ತು ಲಕೋಟೆಗಳನ್ನು ಅವನು ನೂರು ಸಲ ಪರೀಕ್ಷಿಸಿದ್ದ. ಇದೊಂದನ್ನು ಒಮ್ಮೆಯೂ ಪರೀಕ್ಷಿಸಿರಲಿಲ್ಲ.

ಅವನು ಭೂತಗನ್ನಡಿ ಒರೆಸಿ ಮತ್ತೆ ಮತ್ತೆ ಅದೇ ಮೂಲೆಗೆ ಹಿಡಿಯುವುದನ್ನು ದೀಪಾಲಿ ಕಂಡಳು. ತಾನು ಯಾರದೋ ತಾಯಿಯ ನೆನಪಿಗೆ ಕೈ ಹಾಕಿದೆನೇನೋ ಎಂದು ಅವಳಿಗೆ ಕಸಿವಿಸಿಯಾಯಿತು. ಆದರೂ ಮಾತು ಬದಲಿಸಲಿಲ್ಲ.

ವಿಷಯ ತಿಳಿದ ಹೆಗಡೆಯವರು ತಲೆ ಕೆರೆದುಕೊಂಡರು. ಅವರಿಗೆ ಇನ್ನೊಂದು ಚಿಂತೆಯಿತ್ತು. ಮರುದಿನ ಸಂಘ ಸನ್ಮಾನಿಸಲಿದ್ದುದು ಕೊಂಡಿಬಾಗದ ಅಂಚೆ ಕಚೇರಿಯನ್ನು ನಡೆಸಿದ್ದ ಮಾಸ್ತಿಯವರನ್ನು. ಮುದ್ರೆ ಹೊಡೆಯುವವರೂ ಅವರೇ, ಮನೆಮನೆಗೆ ಕಾಗದ ಹಂಚುವವರೂ ಅವರೇ ಆಗಿದ್ದ ಕಾಲ ಅದು. ಈಗ ಎಂಬತ್ತೆರಡು ವರ್ಷ, ಅಂಕೋಲೆ ಹತ್ತಿರದ ಬೆಳಂಬಾರದಲ್ಲಿ ಮಗನ ಮನೆಯಲ್ಲಿದ್ದರು. ಆ ಮುದ್ರೆ ಸುಳ್ಳಾದರೆ ಕೈ ಅವರದೇ. ಸದ್ದಿಲ್ಲದೆ ಲಕೋಟೆ ತೆಗೆದುಬಿಟ್ಟರೆ ತೀರ್ಪುಗಾರರ ಹೊರತು ಯಾರಿಗೂ ತಿಳಿಯುವುದಿಲ್ಲ ಎಂದು ಹೆಗಡೆಯವರು ಮೆಲ್ಲಗೆ ಹೇಳಿದರು.

ಗುರುಪ್ರಸಾದ ಒಪ್ಪಲಿಲ್ಲ. ತೆಗೆಯುವುದೋ ಬಿಡುವುದೋ ಆಮೇಲಿನ ಮಾತು, ಮೊದಲು ಮಾಸ್ತಜ್ಜನನ್ನೇ ಕೇಳಬೇಕು ಎಂದ. ಹಾಗೆನ್ನುವಾಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ದೀಪಾಲಿಗೆ ಅವನು ಮೊದಲು ಹಿಡಿಸಿದ್ದು ಆಗಲೇ. ಅದನ್ನು ಅವಳು ತನಗೆ ತಾನೇ ಹೇಳಿಕೊಂಡದ್ದು ಬಹಳ ಹೊತ್ತಿನ ನಂತರ.

ಮಧ್ಯಾಹ್ನ ಎರಡು ಗಂಟೆಗೆ ಅವನು ಅಂಕೋಲೆ ಬಸ್ಸಿಗೆಂದು ಸಭಾಂಗಣದ ಮೆಟ್ಟಿಲಿಳಿಯುವಾಗ ಅವಳು ಸ್ಕೂಟಿಯ ಪಕ್ಕ ಹೆಲ್ಮೆಟ್ ಹಿಡಿದು ನಿಂತಿದ್ದಳು.

“ನಾನೂ ಬರ್ತೇನೆ. ವಿಷಯ ಎಬ್ಬಿಸಿದ್ದು ನಾನೇ ಅಲ್ವಾ” ಎಂದಳು.

“ತೀರ್ಪುಗಾರರು ಸ್ಪರ್ಧಿ ಜೊತೆ ಬರಬಹುದಾ?”

“ಅಂಕದ ಹಾಳೆ ತುಂಬಿ, ಸಹಿ ಹಾಕಿ, ಹೆಗಡೆಯವರಿಗೆ ಕೊಟ್ಟೇ ಬಂದದ್ದು. ಆ ಲಕೋಟೆಗೆ ಎಷ್ಟು ಕಳೀಬೇಕೋ ಅಷ್ಟೂ ಕಳೆದಿದ್ದೇನೆ. ಚಿನ್ನದ ಪದಕದ ಆಸೆ ಬಿಡಿ. ಈಗ ನಾನು ಬರೀ ದೀಪಾಲಿ.”

ಬಂಗಾರದ ಪದಕ ಹೋಯಿತೆಂಬ ಸುದ್ದಿಯನ್ನು ಇಷ್ಟು ಹಿತವಾಗಿ ಯಾರೂ ಹೇಳಲಾರರು ಎನಿಸಿ, ಆ ದಿನ ಮೊದಲ ಬಾರಿಗೆ ಅವನು ನಕ್ಕ.

ಹಿಂದೆ ಕೂತವನಿಗೆ ಕೈ ಎಲ್ಲಿಡುವುದೆಂದು ತಿಳಿಯಲಿಲ್ಲ. ಕೊನೆಗೆ ಸೀಟಿನ ಹಿಂದಿನ ಕಂಬಿ ಹಿಡಿದುಕೊಂಡ. ಬಿಣಗಾದ ಏರು ಹತ್ತಿ ಇಳಿದು ಸ್ಕೂಟಿ ಅರ್ಗಾ ತಲುಪಿದಾಗ ಬಲಕ್ಕೆ ನೌಕಾನೆಲೆಯ ಉದ್ದನೆಯ ಗೋಡೆ ಜೊತೆಜೊತೆಗೆ ಓಡತೊಡಗಿತು. ಅವಳು ವೇಗ ತಗ್ಗಿಸಿ, ಊರು ಎಲ್ಲಿತ್ತೆಂದು ಕೇಳಿದಳು. ಅವನು ಗೋಡೆಯಾಚೆ ಒಂದು ತೆಂಗಿನ ಸಾಲಿನತ್ತ ಬೆರಳು ಮಾಡಿದ. ಅಲ್ಲೊಂದು ದೊಡ್ಡ ಧೂಪದ ಮರ, ಅದರಡಿ ಮಾಸ್ತಜ್ಜನ ಅಂಚೆ ಕಚೇರಿ, ಅದರ ಮುಂದೆ ಅವ್ವಿ ಮೀನಿನ ಬುಟ್ಟಿ ಇಳಿಸಿ ಕೂರುತ್ತಿದ್ದ ಕಲ್ಲು. ಇಷ್ಟೇ ಅವನಿಗೆ ನೆನಪಿದ್ದದ್ದು. ಗಾಳಿಗೆ ಅರ್ಧ ಮಾತು ಹಾರಿಹೋದರೂ ಅವಳು ಕತ್ತು ಓರೆಮಾಡಿ ಉಳಿದರ್ಧವನ್ನು ಹಿಡಿದುಕೊಳ್ಳುತ್ತಿದ್ದಳು. ಕನ್ನಡಿಯಲ್ಲಿ ಒಮ್ಮೆ ಕಣ್ಣು ಸೇರಿತು. ಅವನು ಸಮುದ್ರ ನೋಡಿದ, ಅವಳು ರಸ್ತೆ ನೋಡಿದಳು.

ಬೆಳಂಬಾರದಲ್ಲಿ ಮಾಸ್ತಿಯವರು ಜಗಲಿಯ ಮೇಲೆ ಕೂತು ಹರಿದ ಬಲೆಗೆ ಗಂಟು ಹಾಕುತ್ತಿದ್ದರು. ಸೊಸೆ ಬೊಮ್ಮಿ ಮುರುಗಲ ಹಣ್ಣಿನ ಪಾನಕ ತಂದುಕೊಟ್ಟಳು. ನಾಳೆಯ ಸನ್ಮಾನಕ್ಕೆ ಹಾಕಿಕೊಳ್ಳಲೆಂದು ತೊಳೆದ ಬಿಳಿ ಅಂಗಿ ತಂತಿಯ ಮೇಲೆ ಒಣಗುತ್ತಿತ್ತು. ಅದನ್ನು ಕಂಡು ಗುರುಪ್ರಸಾದನ ಬಾಯಿಗೆ ಬಂದ ಮಾತು ಒಳಗೇ ಉಳಿಯಿತು. ಲಕೋಟೆಯ ಫೋಟೊವನ್ನು ಮೊಬೈಲಿನಲ್ಲಿ ತೋರಿಸಿದವಳು ದೀಪಾಲಿ. ಇಸವಿಯ ವಿಷಯವನ್ನೂ ಅವಳೇ ಹೇಳಿದಳು. ಒಂದು ಪದವನ್ನೂ ಮೆತ್ತಗೆ ಮಾಡದೆ, ಒಂದು ಪದದಲ್ಲೂ ಆರೋಪವಿಲ್ಲದೆ ಅವಳು ಹೇಳಿದ ಆ ರೀತಿಗೆ ಗುರುಪ್ರಸಾದ ಬೆರಗಾದ.

ಮುದುಕರು ಬಲೆ ಬದಿಗಿಟ್ಟರು.

“ಹೌದು ತಮಾ. ನಾನೇ ಹೊಡ್ದದ್ದು. ಆಪೀಸು ಮುಚ್ಚಿ ನಾಲ್ಕು ವರ್ಷದ ಮೇಲೆ.”

ಅವರು ಹೇಳಿದ ಕತೆ ಇಷ್ಟು. ಊರು ಖಾಲಿಯಾದ ದಿನವೇ ಮುದ್ರೆ ಹೊಡೆಯುವ ಠಸ್ಸೆಯನ್ನು ಮೇಲಿನವರಿಗೆ ಒಪ್ಪಿಸಬೇಕಿತ್ತು. ಅವರಿಗೆ ಕೈ ಬರಲಿಲ್ಲ. ಮನೆಗಳು ಹೋದವು, ಮರಗಳು ಹೋದವು, ಊರಿನ ಹೆಸರಿದ್ದ ವಸ್ತುವೆಂದರೆ ಆ ಒಂದು ಹಿತ್ತಾಳೆಯ ತುಂಡು. ಸಾಮಾನಿನ ಗಲಾಟೆಯಲ್ಲಿ ಎಲ್ಲೋ ಸೇರಿದೆ ಎಂದು ಹೇಳಿ ಪೆಟ್ಟಿಗೆಯ ತಳದಲ್ಲಿ ಇಟ್ಟುಕೊಂಡರು. ನಾಲ್ಕು ವರ್ಷದ ಮೇಲೆ ಒಂದು ಮಧ್ಯಾಹ್ನ ನಾಗಿ ಬಂದಳು.

“ಹೊಸ ಲಕೋಟೆ, ಹೊಸ ಸ್ಟ್ಯಾಂಪು ಹಿಡ್ಕಂಡು ಬಂತು ನಾಗಿ. ಮಗ ಶಾಲೆಲಿ ಹುಟ್ಟಿದ ಊರು ಕೊಂಡಿಬಾಗ ಅಂದ್ನಂತೆ. ಹಂಗಂಬೂ ಊರೇ ಇಲ್ಲ, ಸುಳ್ಳು ಹೇಳ್ತೆ ಅಂತ ಎಲ್ಲರೂ ನಗಾಡಿದ್ರಂತೆ. ಅತ್ಕಂಡು ಬಂದಾನೆ, ಊರು ಇತ್ತು ಅಂಬೂಕೆ ಒಂದು ಗುರ್ತ ಕೊಡು ಮಾಸ್ತಣ್ಣ ಅಂತು. ನಾ ಎಂತ ಮಾಡಲಿ? ಠಸ್ಸೆ ತೆಗ್ದೆ. ತಾರೀಕು ತಿರುಗ್ಸಿರಲಿಲ್ಲ, ಕಡೇ ದಿನದ್ದೇ ಇತ್ತು. ಹೊಡ್ದೆ. ಮರುದಿನ ಕಾರವಾರಕ್ಕೆ ಹೋಗಿ ಠಸ್ಸೆ ಒಪ್ಪಿಸಿ ಬಂದೆ. ಇನ್ನು ಇಟ್ಕಂಡ್ರೆ ಎಲ್ಲರಿಗೂ ಹೊಡೀತೆ ಅಂತ ಹೆದರಿಕೆ ಆಯ್ತು.”

ಗುರುಪ್ರಸಾದನಿಗೆ ಆ ದಿನ ನೆನಪಾಯಿತು. ನಾಲ್ಕನೆಯ ಇಯತ್ತೆ. ಸಂಜೆ ಅವ್ವಿ ಅವನ ಬರೆಯುವ ಪಾಟಿಯ ಮೇಲೆ ಈ ಲಕೋಟೆಯಿಟ್ಟು, ತನಗೆ ಓದಲು ಬಾರದಿದ್ದರೂ ಮುದ್ರೆಯ ಮೇಲೆ ಬೆರಳಿಟ್ಟು, “ಓದು” ಎಂದಿದ್ದಳು. ಅವನು ಅಕ್ಷರ ಕೂಡಿಸಿ ಊರಿನ ಹೆಸರು ಓದಿದ್ದ. ಇನ್ನೊಮ್ಮೆ ಓದು ಎಂದಿದ್ದಳು. ಮರುದಿನ ಅದನ್ನು ಶಾಲೆಗೆ ಒಯ್ದು ಎಲ್ಲರಿಗೂ ತೋರಿಸಿದ್ದ. ಊರು ಬಿಡುವಾಗ ಹೊತ್ತು ತಂದದ್ದೆಂದು ಅವ್ವಿ ಹೇಳಿದ್ದನ್ನು ಇಪ್ಪತ್ತೇಳು ವರ್ಷ ನಂಬಿದ್ದ.

ಅವನು ಎದ್ದು ಬಾವಿಕಟ್ಟೆಗೆ ಹೋದ. ನೀರು ಸೇದಿ ಮುಖ ತೊಳೆದ. ಬಹಳ ಹೊತ್ತು ತೊಳೆಯುತ್ತಲೇ ಇದ್ದ. ದೀಪಾಲಿ ಹಿಂದೆ ಹೋಗಲಿಲ್ಲ. ಜಗಲಿಯಲ್ಲೇ ಕೂತು, ಆ ಅಗಲವಾದ ಬೆನ್ನು ಒಮ್ಮೆ ಬಾಗಿ ಮತ್ತೆ ನೆಟ್ಟಗಾಗುವುದನ್ನು ನೋಡಿದಳು. ಓದಲು ಬಾರದ ಹೆಂಗಸೊಬ್ಬಳು ಹೊಸ ಲಕೋಟೆ ಕೊಂಡುಕೊಂಡು ಬಿಸಿಲಲ್ಲಿ ನಡೆದು ಬರುವುದನ್ನು ಮನಸ್ಸಿನಲ್ಲೇ ಕಂಡಳು. ಅಂಥ ತಾಯಿಯ ಮಗ ಇವನು ಎಂದುಕೊಂಡಳು.

ಮರಳಿ ಬಂದವನು ಕೇಳಿದ ಮೊದಲ ಪ್ರಶ್ನೆ ತನ್ನ ಬಗ್ಗೆ ಆಗಿರಲಿಲ್ಲ.

“ಅಜ್ಜಾ, ನಾಳೆ ನೀವು ವೇದಿಕೆ ಮೇಲೆ ಕೂರೂರು. ನಿಮಗೆ ಕಷ್ಟ ಆಗೂದಾದ್ರೆ ಇವತ್ತೇ ಅದನ್ನ ತೆಗೀತೇನೆ. ಯಾರಿಗೂ ಹೇಳೂದಿಲ್ಲ.”

ಮಾಸ್ತಿಯವರು ತಂತಿಯ ಮೇಲಿನ ಅಂಗಿಯನ್ನು ನೋಡಿದರು. “ತೆಗೀಬೇಡ. ನಡ್ದದ್ದು ನಡ್ದಂಗೇ ಬರೆ. ಮುಚ್ಚಿಟ್ಟು ಮುಚ್ಚಿಟ್ಟು ನಂಗೂ ಸಾಕಾಯ್ತು” ಎಂದರು.

ಅಂಕೋಲೆ ಪೇಟೆಯಲ್ಲಿ ಕಾರ್ಡ್‌ಶೀಟ್ ಕೊಂಡು, ಚಹಾ ಅಂಗಡಿಯೊಂದರ ಮೂಲೆ ಮೇಜಿನಲ್ಲಿ ಕೂತು ಇಬ್ಬರೂ ಹೊಸ ವಿವರಣೆ ಬರೆದರು. ಅಕ್ಷರ ಅವಳದು, ಮಾತು ಅವನದು. ನಡುವೆ ಒಂದು ಪದಕ್ಕೆ ಜಗಳವಾಯಿತು. ‘ಖೋಟಾ ಮುದ್ರೆ’ ಎಂದು ಬರೆಯಬೇಕೆಂದು ಅವನ ಹಟ, ಅದೇ ನಿಜವಾದ ಪದ ಎಂದು. ಅವಳು ಪೆನ್ನು ಕೆಳಗಿಟ್ಟಳು.

“ಖೋಟಾ ಅಂದ್ರೆ ಯಾರಿಗಾದ್ರೂ ಮೋಸ ಆಗಿರಬೇಕು. ಇಲ್ಲಿ ಯಾರಿಗೆ ಮೋಸ ಆಯ್ತು?”

“ನನಗೆ.”

“ಮೋಸ ಹೋದೆ ಅಂತ ಅನ್ನಿಸ್ತದಾ?”

ಅವನು ಚಹಾದ ಲೋಟವನ್ನು ಸುತ್ತ ತಿರುಗಿಸುತ್ತ ಕೂತ. ಆಮೇಲೆ ಇಲ್ಲವೆಂದು ತಲೆಯಾಡಿಸಿದ. ಅವಳು ಪೆನ್ನು ತೆಗೆದುಕೊಂಡು ‘ನಂತರ ಹೊಡೆದ ಮುದ್ರೆ’ ಎಂದು ದುಂಡಗೆ ಬರೆದಳು. ಬರೆಯುವಾಗ ನಾಲಗೆಯ ತುದಿ ಹಲ್ಲಿನ ನಡುವೆ ಬರುವ ಅವಳ ಅಭ್ಯಾಸವನ್ನು ಅವನು ಗಮನಿಸಿದ. ಗಮನಿಸಿದ್ದನ್ನು ಅವಳು ಗಮನಿಸಿದಳು.

“ಎಂತ ನೋಡ್ತೀರಿ? ಕಾಗುಣಿತ ತಪ್ಪಿದೆಯಾ?”

“ಇಲ್ಲ. ಎಲ್ಲಾ ಸರಿ ಇದೆ” ಎಂದ ಗುರುಪ್ರಸಾದ.

ಅವಳು ತಲೆ ತಗ್ಗಿಸಿ ಮತ್ತೆ ಬರೆಯತೊಡಗಿದಳು. ಮುಂದಿನ ಸಾಲು ಸ್ವಲ್ಪ ಸೊಟ್ಟಗಾಯಿತು.

ಭಾನುವಾರ ಸಭಾಂಗಣ ತುಂಬಿತ್ತು. ಶಾಲೆಯ ಮಕ್ಕಳು, ನಿವೃತ್ತರು, ಕೊಂಡಿಬಾಗದಿಂದ ಬಂದು ಅಲ್ಲಲ್ಲಿ ನೆಲೆಸಿದ ಕೆಲವು ಮನೆಯವರು. ಮೂರನೆಯ ಫ್ರೇಮಿನ ಮುಂದೆ ಜನ ನಿಂತು ಓದಿದರು. ಓದಿದವರು ಪಕ್ಕದವರಿಗೂ ಓದಿಹೇಳಿದರು. ಬೇರೆ ಕಡೆ ಇದ್ದ ಗದ್ದಲ ಅಲ್ಲಿಗೆ ಬಂದಾಗ ತಾನಾಗಿ ತಗ್ಗುತ್ತಿತ್ತು. ಯಶೋದಾ ಎಂಬ ಮುದುಕಿಯೊಬ್ಬರು ಗಾಜಿನ ಮೇಲಿಂದಲೇ ಊರಿನ ಹೆಸರನ್ನು ಸವರಿ, ನಾಗಿಯ ಮಗ ಯಾರೆಂದು ಕೇಳಿ, ಗುರುಪ್ರಸಾದನ ಗಲ್ಲ ಮುಟ್ಟಿ ಹೋದರು.

ಶಾಲು ಹೊದಿಸಿದ ಮೇಲೆ ಮಾತಾಡಲು ಹೇಳಿದಾಗ ಮಾಸ್ತಿಯವರು ಮೈಕಿನಿಂದ ದೂರ ನಿಂತೇ ಹೇಳಿದರು: “ಮೂವತ್ತೊಂದು ವರ್ಷದ ನೌಕರಿಲಿ ನಾ ಮಾಡಿದ ತಪ್ಪು ಒಂದೇ. ಅದನ್ನ ಅಲ್ಲಿ ತೂಗುಹಾಕಿದ್ದಾರೆ. ಹೋಗಿ ನೋಡಿ.” ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹೆಗಡೆಯವರು ಕನ್ನಡಕ ತೆಗೆದು ಒರೆಸಿಕೊಂಡರು.

ಫಲಿತಾಂಶ ಓದಿದವಳು ದೀಪಾಲಿ. ‘ಮುಚ್ಚಿದ ಅಂಚೆ ಕಚೇರಿಗಳು’ ಸಂಗ್ರಹಕ್ಕೆ ಕಂಚು. ಅವಳ ದನಿ ಎಲ್ಲಿಯೂ ಅಲುಗಲಿಲ್ಲ. ಪದಕ ತೆಗೆದುಕೊಳ್ಳಲು ಬಂದವನ ಮುಖದಲ್ಲಿ ಅಸಮಾಧಾನವನ್ನು ಹುಡುಕಿದಳು. ಸಿಗಲಿಲ್ಲ. ಕನಿಕರಕ್ಕೆ ಒಂದು ಅಂಕವನ್ನೂ ಬದಲಿಸದ ಹೆಂಗಸು ಎಂದು ಅವನು ಅವಳನ್ನು ಮೆಚ್ಚುಗೆಯಿಂದ ನೋಡುತ್ತಿದ್ದ. ಆ ನೋಟದಲ್ಲಿ ಮೆಚ್ಚುಗೆಯಲ್ಲದೆ ಬೇರೇನೋ ಇತ್ತು. ಮುಂದಿನ ಹೆಸರು ಓದುವಾಗ ಅವಳು ಒಂದು ಸಾಲು ಬಿಟ್ಟು ಓದಿ, ಕ್ಷಮೆ ಕೇಳಿ, ಮತ್ತೆ ಓದಿದಳು.

ಸಂಜೆ ಐದಕ್ಕೆ ಫ್ರೇಮು ಬಿಚ್ಚುವ ಕೆಲಸ. ಅವನು ಒಂದೊಂದೇ ಲಕೋಟೆ ತೆಗೆದು ಕೊಟ್ಟ ಹಾಗೆ ಅವಳು ತೆಳುಕಾಗದದಲ್ಲಿ ಸುತ್ತಿ ಪೆಟ್ಟಿಗೆಗಿಟ್ಟಳು. ಎಪ್ಪತ್ತು ಮುಗಿದವು. ಪೆಟ್ಟಿಗೆಯ ಮುಚ್ಚಳ ಹಾಕಿಯಾಯಿತು. ಇನ್ನು ಜೊತೆಗೆ ನಿಲ್ಲಲು ನೆಪವೇ ಉಳಿಯಲಿಲ್ಲ.

“ನನಗೆ ಮೂವತ್ತಾರು” ಎಂದು ಗುರುಪ್ರಸಾದ ಇದ್ದಕ್ಕಿದ್ದಂತೆ ಶುರುಮಾಡಿದ. “ಕದ್ರಾದಲ್ಲಿ ಕ್ವಾರ್ಟರ್ಸ್ ಇದೆ. ಶಿಫ್ಟ್ ಕೆಲಸ, ವಾರಕ್ಕೊಮ್ಮೆ ಬದಲಾಗ್ತದೆ. ನನ್ನ ಕಡೆಯಿಂದ ಬಂದು ಮಾತಾಡೂಕೆ ಮನೆಲಿ ಹಿರಿಯರು ಅಂತ ಯಾರೂ ಇಲ್ಲ. ಅದಕ್ಕೆ ನಾನೇ ಕೇಳೂದು.”

“ಎಂತ ಕೇಳೂದು?”

ಅವಳಿಗೆ ತಿಳಿದಿತ್ತು. ತಿಳಿದೂ ಕೇಳಿದ್ದಳು. ಅವನು ಅವಳ ಕಣ್ಣನ್ನೇ ನೋಡಿದ. ಎರಡು ದಿನದಲ್ಲಿ ಅಷ್ಟು ನೇರವಾಗಿ ನೋಡಿದ್ದು ಅದೇ ಮೊದಲು.

“ನಿನ್ನೆ ನೀವು ನನ್ನ ಅವ್ವಿಯ ಒಂದು ಸುಳ್ಳನ್ನ ಹಿಡಿದ್ರಿ. ಅದರಿಂದ ಅವಳು ನನಗೆ ಇನ್ನೂ ಹತ್ತಿರ ಆದಳು. ಜೀವನಪೂರ್ತಿ ನನ್ನ ತಪ್ಪನ್ನೂ ನೀವೇ ಹೀಗೆ ಮುಖದೆದುರು ಹೇಳ್ತಾ ಇದ್ರೆ ನನಗೆ ಸಂತೋಷ. ನೀವು ನನ್ನನ್ನು ಮದುವೆ ಆಗ್ತೀರಾ?”

ದೀಪಾಲಿ ಪೆಟ್ಟಿಗೆಯ ದಾರವನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. ತನಗೆ ಮೂವತ್ತಮೂರು ಎಂದಳು. ನೋಡಲು ಬಂದವರಲ್ಲಿ ಇಬ್ಬರು, ಹುಡುಗಿ ತುಂಬಾ ಪ್ರಶ್ನೆ ಕೇಳುತ್ತಾಳೆ ಎಂದು ಎದ್ದು ಹೋಗಿದ್ದನ್ನು ಹೇಳಿದಳು. ಎರಡು ವರ್ಷದಿಂದ ಮನೆಯಲ್ಲಿ ಹೆತ್ತ ಆಯಿಯೂ ಮದುವೆಯ ವಿಷಯ ಎತ್ತುವುದಿಲ್ಲ ಎಂದಳು. ನಗುತ್ತಲೇ ಹೇಳಿದಳು, ಆದರೆ ಕೊನೆಗೆ ದನಿ ಒದ್ದೆಯಾಯಿತು.

“ನಿನ್ನೆ ಬಾವಿಕಟ್ಟೆಯಿಂದ ಬಂದು ನೀವು ಮೊದಲು ಆ ಅಜ್ಜನ ಬಗ್ಗೆ ಕೇಳಿದ್ರಲ್ವಾ” ಎಂದಳು. “ಆಗಲೇ ನಾನು ಹೂಂ ಅಂದಾಗಿತ್ತು. ನೀವು ಕೇಳೂದೊಂದು ಬಾಕಿ ಇತ್ತು.”

ಅವನ ಉತ್ತರಕ್ಕೆ ಅವಳು ಕಾಯಲಿಲ್ಲ. ಮೊಬೈಲ್ ತೆಗೆದು ಆಯಿಗೆ ಫೋನ್ ಮಾಡಿ, ಊಟಕ್ಕೆ ಒಬ್ಬರನ್ನು ಕರೆದುಕೊಂಡು ಬರುತ್ತಿದ್ದೇನೆ ಎಂದು ಕೊಂಕಣಿಯಲ್ಲಿ ಹೇಳಿದಳು. ಆ ಕಡೆಯಿಂದ ಒಂದರ ಹಿಂದೊಂದು ಪ್ರಶ್ನೆ. ಯಾರು, ಎಲ್ಲಿಯವರು, ಎಷ್ಟು ವರ್ಷದಿಂದ ಪರಿಚಯ. ಪ್ರಶ್ನೆ ಕೇಳುವ ಗುಣ ಮಗಳಿಗೆ ಎಲ್ಲಿಂದ ಬಂತೆಂದು ಗುರುಪ್ರಸಾದನಿಗೆ ತಿಳಿಯಿತು. ನಿನ್ನೆಯಿಂದ ಎಂದು ದೀಪಾಲಿ ಉತ್ತರಿಸಿದಳು. ಕೊನೆಗೆ ಆಯಿ ಕೇಳಿದ್ದು ಒಂದೇ, ಬಾಂಗಡೆ ತಿನ್ನುತ್ತಾರೋ ಇಲ್ಲವೋ ಎಂದು.

“ತಿಂತಾರಾ ಅಂತ ಕೇಳ್ತಿದ್ದಾಳೆ” ಎಂದಳು ದೀಪಾಲಿ, ಫೋನಿಗೆ ಕೈ ಅಡ್ಡ ಹಿಡಿದು.

“ಅವ್ವಿ ಮೀನು ಮಾರಿ ಸಾಕಿದ ಮಗ ನಾನು. ಎಷ್ಟು ಕೊಟ್ರೂ ತಿಂತೇನೆ ಅಂತ ಹೇಳಿ.”

ಅವಳು ಹಾಗೆಯೇ ಹೇಳಿದಳು. ಕದ್ರಾದ ಬಸ್ಸು ಆರೂವರೆಗೆ ಅವನಿಲ್ಲದೆ ಹೊರಟಿತು. ದೀಪಾಲಿಯ ಮನೆಯ ಅಡುಗೆಕೋಣೆಯಲ್ಲಿ ಬಾಂಗಡೆ ಹುರಿಯುತ್ತ ಆಯಿ ಅವನ ತಾಯಿಯ ಬಗ್ಗೆ ಕೇಳಿದಳು. ಅವನು ನಾಗಿಯ ಕತೆಯನ್ನು ಮೊದಲಿನಿಂದ ಹೇಳತೊಡಗಿದ. ಎದುರು ಕೂತ ದೀಪಾಲಿ, ಎಲ್ಲ ಗೊತ್ತಿದ್ದೂ, ಗಲ್ಲಕ್ಕೆ ಕೈ ಕೊಟ್ಟು ಕೇಳುತ್ತ ಕೂತಳು.